ಅಮ್ಮನ ತಲೆಗೆ ಎರಡು ದಿನಾಂಕ

ನನ್ನ ಅಮ್ಮನ ತಲೆಯ ಬಗ್ಗೆ ನೀವು ಅಮ್ಮನೊಡನೆ ಮಾತನಾಡಲಿಲ್ಲ. ಇದು ನನ್ನ ಮೊದಲ ಆರೋಪ. ಉಳಿದವೆಲ್ಲ ಇದರಿಂದಲೇ ಹುಟ್ಟಿದವು. ಶಸ್ತ್ರಚಿಕಿತ್ಸೆಯ ವಿಭಾಗದವರು ನನ್ನ ಸೋದರಮಾವನಿಗೆ ಹೇಳಿದಿರಿ. ಅದೇ ಆಸ್ಪತ್ರೆಯ ಕೆಳಮಹಡಿಯಲ್ಲಿರುವ ವಿಕಿರಣ ವಿಭಾಗದವರು ನನಗೆ ಹೇಳಿದಿರಿ. ನಿಮ್ಮ ನಿಮ್ಮಲ್ಲಿ ಮಾತ್ರ ಮಾತನಾಡಿಕೊಳ್ಳಲಿಲ್ಲ. ಹೀಗಾಗಿ ಒಂದೇ ತಲೆಗೆ, ಒಂದೇ ತಿಂಗಳಲ್ಲಿ, ಎರಡು ದಿನಾಂಕಗಳು ನಿಗದಿಯಾದವು: ಒಂದು ಕೊಯ್ಯುವುದಕ್ಕೆ, ಇನ್ನೊಂದು ಕಿರಣ ಹಾಯಿಸುವುದಕ್ಕೆ. ಆ ತಲೆಯ ಒಡತಿ ಹೊರಗಿನ ಬೆಂಚಿನ ಮೇಲೆ, ಸ್ಕ್ಯಾನಿಂಗ್ ಫಿಲ್ಮುಗಳ ದೊಡ್ಡ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಅಮ್ಮ ಜೆ.ಪಿ. ನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಎಂ.ಎ.ವರೆಗೆ ಓದಿಸಿದ್ದು ಆ ಹೊಲಿಗೆ ಯಂತ್ರ. ಅವಳ ಎಡಗಿವಿ ಮಂದವಾಗುತ್ತಿರುವುದು ನಮಗೆ ಯಾರಿಗೂ ತಿಳಿಯದಂತೆ ಅವಳೇ ವ್ಯವಸ್ಥೆ ಮಾಡಿಕೊಂಡಿದ್ದಳು. ಬಾಗಿಲ ಕಡೆ ಮುಖ ಮಾಡಿದ್ದ ಯಂತ್ರವನ್ನು ಒಂದು ದಿನ ತಿರುಗಿಸಿ, ಬಲಗಿವಿ ಬಾಗಿಲಿಗೆ ಬರುವ ಹಾಗೆ ಕೂತಳು. ಬೆಳಕು ಚೆನ್ನಾಗಿ ಬೀಳುತ್ತದೆ ಎಂದಳು, ನಂಬಿದೆವು. ಮೋಟಾರಿನ ಸದ್ದಿಗೆ ಕಿವಿ ಕೆಟ್ಟಿದೆ ಎಂದುಕೊಂಡು ಮೆಡಿಕಲ್ ಶಾಪಿನಿಂದ ಹನಿ ತರಿಸಿ ಹಾಕಿಕೊಳ್ಳುತ್ತಿದ್ದಳಂತೆ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದವಳು ತಲೆ ತಿರುಗಿ ಗಾಡಿಯನ್ನು ಹಿಡಿದುಕೊಂಡಳು. ಅಲ್ಲಿಂದ ಕಿವಿಯ ಡಾಕ್ಟರು, ಅಲ್ಲಿಂದ ಸ್ಕ್ಯಾನಿಂಗ್, ಅಲ್ಲಿಂದ ನಿಮ್ಮ ಆಸ್ಪತ್ರೆ.

ಎಡಗಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಒಂದು ಗಂಟು ಬೆಳೆದಿತ್ತು. ಕ್ಯಾನ್ಸರ್ ಅಲ್ಲ. ಈ ಎರಡು ಪದಗಳನ್ನು ನಮಗೆ ಎಲ್ಲರೂ ಹೇಳಿದರು: ಸ್ಕ್ಯಾನಿಂಗಿನವರು, ನರ್ಸು, ಪಕ್ಕದ ಮನೆಯವರು, ಕೊನೆಗೆ ನಾವೇ ಒಬ್ಬರಿಗೊಬ್ಬರು. ಸಮಾಧಾನದ ಮಾತೇನೋ ನಿಜ. ಆದರೆ ಅದಾದ ಮೇಲೆ ನಾನು ಕೇಳಿದ ಪ್ರತಿ ಪ್ರಶ್ನೆಗೂ ಅದನ್ನೇ ಉತ್ತರವಾಗಿ ಕೊಡತೊಡಗಿದರು.

ಶಸ್ತ್ರಚಿಕಿತ್ಸಕರ ಕೋಣೆಗೆ ನಾನು ಮತ್ತು ಅಮ್ಮ ಮೊದಲು ಹೋದೆವು. ಅವರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ನಮ್ಮ ಹಿಂದಿನ ಬಾಗಿಲನ್ನು ನೋಡಿದರು.

“ಜೊತೇಲಿ ಗಂಡಸ್ರು ಯಾರಾದ್ರೂ ಬಂದಿದಾರಾ?”

ನಾನಿದ್ದೇನೆ ಎಂದೆ. ನೀವು ಅಮ್ಮನ ಜೊತೆ ಹೊರಗೆ ಕೂತಿರಿ ಎಂದರು. ಅಷ್ಟರಲ್ಲಿ ಸ್ಕೂಟರ್ ನಿಲ್ಲಿಸಿ ಬಂದ ಮಾವ ಒಳಗೆ ಹೋದ. ಬನಶಂಕರಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ, ಗಿರಾಕಿಗಳ ಜೊತೆ ದಿನವಿಡೀ ಗಟ್ಟಿ ದನಿಯಲ್ಲಿ ಮಾತನಾಡುವ ಮನುಷ್ಯ ಹೊರಗೆ ಬಂದಾಗ ಬಹಳ ಮೆತ್ತಗೆ ಮಾತನಾಡಿದ. “ಏನಿಲ್ಲಕ್ಕ. ಸಣ್ಣ ಗಂಟು. ತೆಗೆದುಬಿಡ್ತಾರೆ, ಆರಾಮಾಗ್ತೀಯ.” ನಮ್ಮ ಮನೆತನದಲ್ಲಿ ಕೆಟ್ಟ ಸುದ್ದಿ ಹೆಂಗಸರನ್ನು ತಲುಪುವ ದಾರಿಯೇ ಇದು: ಗಂಡಸರ ಬಾಯಿಂದ, ಪ್ರತಿ ಹೊಸ್ತಿಲಲ್ಲೂ ಸ್ವಲ್ಪ ಸ್ವಲ್ಪ ಸೋಸಿಕೊಂಡು. ಅದು ನಮ್ಮ ಮನೆಯ ರೂಢಿ. ನಿಮ್ಮ ಆಸ್ಪತ್ರೆಗೆ ಅದನ್ನು ಅನುಸರಿಸುವ ಅಧಿಕಾರವನ್ನು ಕೊಟ್ಟವರು ಯಾರು?

ಕೆಲವು ದಿನಗಳ ನಂತರ ನಾನೊಬ್ಬಳೇ ಫಿಲ್ಮುಗಳನ್ನು ತೆಗೆದುಕೊಂಡು ವಿಕಿರಣ ವಿಭಾಗಕ್ಕೆ ಹೋದೆ. ಅಲ್ಲಿನ ಡಾಕ್ಟರು ತಾಳ್ಮೆಯಿಂದಲೇ ವಿವರಿಸಿದರು. ತಲೆಯನ್ನು ತೆರೆಯಬೇಕಾಗಿಲ್ಲ. ಗಂಟು ಮಾಯವಾಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಬೆಳವಣಿಗೆ ನಿಲ್ಲಲಿ ಎನ್ನುವುದೇ ಉದ್ದೇಶ. ಬಹುಪಾಲು ಜನರಲ್ಲಿ ನಿಲ್ಲುತ್ತದೆ, ಎಲ್ಲರಲ್ಲೂ ಅಲ್ಲ. ಮತ್ತೆ ಬೆಳೆದರೆ ಆಮೇಲೆ ಆಪರೇಷನ್ ಮಾಡುವುದು ಮೊದಲಿಗಿಂತ ಕಷ್ಟ. ಮೇಲಿನ ಡಾಕ್ಟರು ತೆಗೆಯಲೇಬೇಕು ಎಂದಿದ್ದಾರಲ್ಲ ಎಂದು ಕೇಳಿದೆ.

“ಅದು ಅವರ ಒಪೀನಿಯನ್ ಮೇಡಂ, ಇದು ನಮ್ಮದು. ಈ ಸೈಜಿಗೆ ಎರಡೂ ಆಗುತ್ತೆ. ಡಿಸೈಡ್ ಮಾಡ್ಬೇಕಾದವರು ನೀವು.”

ತಜ್ಞರಿಬ್ಬರು ಒಪ್ಪದ ಸಂಗತಿಯನ್ನು ಸಮಾಜಶಾಸ್ತ್ರ ಓದಿದ ನಾನು ತೀರ್ಮಾನಿಸಬೇಕಿತ್ತು. ಹೊರಗಿನ ಕೌಂಟರಿನಲ್ಲಿ, ಇರಲಿ ಎಂದು, ತಲೆ ಅಲುಗದಂತೆ ಮುಖಕ್ಕೆ ಅಚ್ಚು ತೆಗೆದು ಕಿರಣ ಹಾಯಿಸುವ ದಿನಾಂಕವನ್ನು ಕೊಟ್ಟರು. ಇರಲಿ ಎಂದೇ ನಾನೂ ತೆಗೆದುಕೊಂಡೆ. ಮಾವ ಅಷ್ಟರಲ್ಲಾಗಲೇ ಮೇಲಿನ ಮಹಡಿಯಲ್ಲಿ ಆಪರೇಷನ್ನಿಗೆ ದಿನ ಗೊತ್ತುಮಾಡಿಸಿ ಬಂದಿದ್ದ.

ಆ ದಿನಗಳ ಆತಂಕ ವಿಚಿತ್ರವಾಗಿತ್ತು. ನಾನು ಬೇಕೆಂದೇ ಅಮ್ಮನ ಎಡಗಡೆ ನಿಂತು ಮೆಲ್ಲಗೆ ಕರೆದು ನೋಡತೊಡಗಿದೆ. ಒಮ್ಮೊಮ್ಮೆ ತಿರುಗುತ್ತಿದ್ದಳು; ಅವಳು ತಿರುಗಿದ ದಿನ ನನಗೆ ಊಟ ಸೇರುತ್ತಿತ್ತು. ಅವಳು ಮೆಟ್ಟಿಲಿಳಿಯುವಾಗ ನಾನು ಕಾರಣವಿಲ್ಲದೆ ಮುಂದೆ ಮುಂದೆ ಇಳಿಯುತ್ತಿದ್ದೆ. ಬಟ್ಟೆ ಒಣಹಾಕುವ ನೆಪದಲ್ಲಿ ನಾನೂ ಮಾವನೂ ತಾರಸಿಯ ಮೇಲೆ ವಾದಿಸುತ್ತಿದ್ದೆವು. ಹೊಲ ಹೋಗಿ ಮನೆಗಳೆದ್ದ ಮೇಲೆ ಬಾಡಿಗೆಯ ಭಾಷೆಯಲ್ಲೇ ಯೋಚಿಸುವ ನಮ್ಮವರಂತೆ ಅವನು, ಗಂಟನ್ನು ತಲೆಯೊಳಗೇ ಬಿಡುವುದೆಂದರೆ ಖಾಲಿ ಮಾಡದ ಬಾಡಿಗೆದಾರನನ್ನು ಸಾಕಿಕೊಂಡ ಹಾಗೆ ಎನ್ನುತ್ತಿದ್ದ. ಖಾಲಿ ಮಾಡಿಸಲು ಗೋಡೆ ಒಡೆಯಬೇಕಲ್ಲ ಮಾವ ಎಂದು ನಾನೆನ್ನುತ್ತಿದ್ದೆ. ಇಬ್ಬರೂ ನಗುತ್ತಿರಲಿಲ್ಲ.

ಕೊನೆಗೆ ಅವನು ಹೂ ಕೇಳಿಸೋಣ ಎಂದ. ನಮ್ಮ ಹಳೆಯ ಊರಿನ ದೇವಿಯ ಗುಡಿ ಈಗ ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿದೆ. ಪೂಜಾರಿ ದೇವಿಯ ಎರಡೂ ಭುಜಕ್ಕೆ ನೀರಿನಲ್ಲಿ ಅದ್ದಿದ ಹೂವನ್ನು ಅಂಟಿಸುತ್ತಾನೆ. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡವೆಂದು. ಮದುವೆ, ಬೋರ್‌ವೆಲ್, ಸೈಟು, ಎಲ್ಲಕ್ಕೂ ನಮ್ಮವರು ಹೀಗೆ ಕೇಳುತ್ತಾ ಬಂದಿದ್ದಾರೆ. ನಾನು ವಿದ್ಯಾರ್ಥಿನಿಯಾಗಿದ್ದಾಗಿನಿಂದ ಇದನ್ನು ಗೇಲಿ ಮಾಡಿದವಳು. ಆದರೂ ಆ ಮಂಗಳವಾರ ಅಮ್ಮನ, ಮಾವನ ಜೊತೆ ಹೋದೆ. ಇಬ್ಬರು ತಜ್ಞರು ಕೈತೊಳೆದುಕೊಂಡ ಮೇಲೆ ಹೂವಿನ ಮೇಲೆ ಸಿಟ್ಟಾಗುವ ಹಕ್ಕು ನನಗಿರಲಿಲ್ಲ.

ಹೂ ಅಂಟಿಸಿದ ಪೂಜಾರಿ, ಯಾರ ವಿಷಯ ಎಂದು ಕೇಳಿದ. ಅಕ್ಕನದು, ಆದರೆ ನಾನೇ ಕೇಳುತ್ತೇನೆ ಎಂದ ಮಾವ.

“ಹಂಗೆ ಆಗಲ್ಲಣ್ಣ. ಯಾರ ವಿಷ್ಯವೋ ಅವ್ರೇ ಕೇಳ್ಬೇಕು. ಹಿಂಗೆ ಮಾಡಿದ್ರೆ ಏನು, ಹಂಗೆ ಮಾಡಿದ್ರೆ ಏನು, ಎಲ್ಲಾ ಬಾಯ್ಬಿಟ್ಟು ಹೇಳ್ಬೇಕು. ಇಲ್ದಿದ್ರೆ ತಾಯಿ ಯಾವುದಕ್ಕೆ ಅಂತ ಉತ್ತರ ಕೊಡ್ತಾಳೆ?”

ಅದು ಅವನ ಸ್ವಂತ ಮಾತಲ್ಲ, ಆ ಗುಡಿಯ ಕಟ್ಟಳೆ. ಅಮ್ಮ ತಮ್ಮನ ಕಡೆ ತಿರುಗಿದಳು. “ಹೇಳೋ. ಏನಂತ ಕೇಳ್ಲಿ?”

ಮಾವ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

“ಏನೋ ಮುಚ್ಚಿಟ್ಟಿದೀರ ಅಂತ ನಂಗೂ ಗೊತ್ತು ಕಣೋ,” ಎಂದಳು ಅಮ್ಮ. “ಹೋಗಿರೋದು ಕಿವಿ ಒಂದೇ. ಕಣ್ಣು ಇನ್ನೂ ಕಾಣ್ತವೆ.”

ಆ ಮಾತು ಅವನನ್ನು ಇರಿದಿರಬೇಕು. ಮಾವ ಅಲ್ಲೇ ಕಂಬಕ್ಕೆ ಒರಗಿ, ಶಸ್ತ್ರಚಿಕಿತ್ಸಕರು ಮುಚ್ಚಿದ ಬಾಗಿಲ ಹಿಂದೆ ಹೇಳಿದ್ದನ್ನೆಲ್ಲ ಹೇಳಿದ. ಗಂಟು ತೆಗೆದರೆ ಆ ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಮುಖವನ್ನು ಆಡಿಸುವ ನರ ಗಂಟಿಗೆ ಅಂಟಿಕೊಂಡೇ ಹೋಗಿದೆ. ಆ ನರಕ್ಕೆ ಪೆಟ್ಟಾದರೆ ಬಾಯಿ ಒಂದು ಕಡೆಗೆ ಜಾರಬಹುದು, ಎಡಗಣ್ಣಿನ ರೆಪ್ಪೆ ಮುಚ್ಚದೆ ಹೋಗಬಹುದು. ಕಣ್ಣಿನ ಸಂಗತಿಯನ್ನು ನಾನು ಕೇಳಿದ್ದು ಆಗಲೇ ಮೊದಲು. ನಾನು ನನ್ನ ಪಾಲಿನದನ್ನು ಹೇಳಿದೆ. ಕಿರಣ ಕೊಟ್ಟರೂ ಗಂಟು ಬೆಳೆಯಬಹುದು, ಆಮೇಲಿನ ಆಪರೇಷನ್ ಕಷ್ಟ ಎನ್ನುವುದನ್ನು ಮಾವ ಕೇಳಿದ್ದು ಆಗಲೇ ಮೊದಲು. ನಿಮ್ಮ ಎರಡು ಮಹಡಿಗಳಲ್ಲಿ ತುಂಡಾಗಿ ಬಿದ್ದಿದ್ದ ಸತ್ಯ ಸೇರಿದ್ದು ಆ ಗುಡಿಯ ಕಂಬದ ಬುಡದಲ್ಲಿ. ಎರಡು ದಿನಾಂಕಗಳ ವಿಷಯವೂ ಹೊರಗೆ ಬಂತು.

“ಎರಡೂ ಕಡೆ ಬುಕ್ ಮಾಡಿದೀರಾ? ನನ್ನ ತಲೆ ಏನು ಕಲ್ಯಾಣ ಮಂಟಪಾನಾ?”

ಪೂಜಾರಿ ಮುಖ ತಿರುಗಿಸಿಕೊಂಡು ನಕ್ಕ. ಅಮ್ಮ ನಗಲಿಲ್ಲ. ಕಣ್ಣು ಮುಚ್ಚದೆ ಹೋದರೆ ಎಷ್ಟು ಕಾಲ ಎಂದು ಮಾವನನ್ನು ಕೇಳಿದಳು. ಒಣಗಿದ ಕಣ್ಣಲ್ಲಿ ಸೂಜಿಗೆ ದಾರ ಪೋಣಿಸಲು ಆಗುತ್ತದೆಯೇ? ಗಂಟು ಅಲ್ಲೇ ಇದ್ದರೆ ಈ ತಲೆಸುತ್ತು ನಿಲ್ಲುತ್ತದೆಯೇ ಎಂದು ನನ್ನನ್ನು ಕೇಳಿದಳು. ನಮಗೆ ಗೊತ್ತಿರಲಿಲ್ಲ. ಯಾಕೆಂದರೆ ನಾವು ಕೇಳಿರಲಿಲ್ಲ. ಸೂಜಿಗೆ ದಾರ ಹಾಕುವವಳು ಬೆಂಚಿನ ಮೇಲಿದ್ದಳು.

“ಹೂವ ತೆಗೀರಿ ಪೂಜಾರಪ್ಪ,” ಎಂದಳು. “ಇದು ತಾಯಿಗೆ ಕೇಳೋದಲ್ಲ. ಗೊತ್ತಿರೋರು ಇದಾರೆ, ಅವ್ರನ್ನೇ ಕೇಳ್ತೀನಿ.”

ಅವನು ಎರಡೂ ಹೂವನ್ನು ತೆಗೆದು ಅವಳ ಕೈಗಿಟ್ಟ. ಅಮ್ಮ ಒಂದನ್ನು ಮುಡಿದು, ಇನ್ನೊಂದನ್ನು ನನಗೆ ಕೊಟ್ಟಳು.

ಮುಂದಿನದನ್ನು ನೀವು ಬಲ್ಲಿರಿ, ಅಥವಾ ಬಲ್ಲವರಾಗಿರಬೇಕಿತ್ತು. ಅಮ್ಮ ನಿಮ್ಮ ಕೌಂಟರಿಗೆ ಬಂದು ಇಬ್ಬರು ಡಾಕ್ಟರನ್ನೂ ಒಟ್ಟಿಗೆ ನೋಡಬೇಕು ಎಂದಳು. ಅಲ್ಲಿದ್ದ ಹುಡುಗಿ ಒರಟಾಗೇನೂ ಹೇಳಲಿಲ್ಲ. ಹಂಗೆ ಸಿಸ್ಟಮ್ ಇಲ್ಲ ಆಂಟಿ, ಅವರ ದಿನ ಬೇರೆ, ಇವರ ದಿನ ಬೇರೆ ಎಂದಳು. ಕಾರಿಡಾರಿನಲ್ಲಿ ಸಿಕ್ಕ ಶಸ್ತ್ರಚಿಕಿತ್ಸಕರು ಮತ್ತೆ ಮಾವನ ಕಡೆ ತಿರುಗಿ ಮಾತು ಶುರುಮಾಡಿದರು. “ಸಾರ್, ನಾನು ಇಲ್ಲಿದೀನಿ,” ಎಂದಳು ಅಮ್ಮ. ಅವರು ಒಂದು ಗಳಿಗೆ ಮುಜುಗರಪಟ್ಟು, ನಿಮ್ಮ ತಮ್ಮನಿಗೆ ಎಲ್ಲ ಹೇಳಿದ್ದೇನೆ, ಗಾಬರಿಯಾಗಬೇಡಿ ಎಂದು ನಡೆದರು. ಅವರ ಹಿಂದೆ ಹತ್ತಾರು ಜನ ಕಾಯುತ್ತಿದ್ದುದನ್ನು ನಾನೂ ಕಂಡೆ. ಅವರ ಕೈಗುಣವನ್ನು ನಾನು ಅನುಮಾನಿಸುತ್ತಿಲ್ಲ. ಆ ಕೈಯನ್ನು ನನ್ನ ಅಮ್ಮನ ತಲೆಯೊಳಗೆ ಬಿಡುವ ಮುನ್ನ ಅವಳೊಡನೆ ಮಾತನಾಡದ ಪದ್ಧತಿಯನ್ನು ಪ್ರಶ್ನಿಸುತ್ತಿದ್ದೇನೆ.

ಎರಡೂ ದಿನಾಂಕಗಳನ್ನು ನಾವು ಮುಂದಕ್ಕೆ ಹಾಕಿಸಿದ್ದೇವೆ. ಗಂಟು ಅದಕ್ಕೆ ಒಪ್ಪಿದೆಯೋ ಇಲ್ಲವೋ ತಿಳಿಯದು. ನಿನ್ನೆ ನಾನು ಎಡಗಡೆಯಿಂದ ಕರೆದಾಗ ಅಮ್ಮ ತಿರುಗಲಿಲ್ಲ; ಯಂತ್ರ ಓಡುತ್ತಿತ್ತು, ಅದಕ್ಕೇ ಇರಬಹುದು.

ಆದ್ದರಿಂದ ಆಸ್ಪತ್ರೆಯ ಆಡಳಿತವನ್ನೂ ಎರಡೂ ವಿಭಾಗಗಳ ಮುಖ್ಯಸ್ಥರನ್ನೂ ವಿಧಿವತ್ತಾಗಿ ಕೋರುತ್ತಿದ್ದೇನೆ. ಒಬ್ಬ ರೋಗಿಯ ಒಂದು ಗಂಟಿಗೆ ಎರಡು ವಿಭಾಗಗಳು ಒಂದನ್ನೊಂದು ಕೇಳದೆ ದಿನ ಕೊಟ್ಟದ್ದು ಹೇಗೆ ಎಂಬುದಕ್ಕೆ ಲಿಖಿತ ಉತ್ತರ ನೀಡಬೇಕು. ಆ ಉತ್ತರ ನನ್ನ ಹೆಸರಿಗಾಗಲೀ ಮಾವನ ಹೆಸರಿಗಾಗಲೀ ಬಾರದೆ ಅಮ್ಮನ ಹೆಸರಿಗೆ ಬರಬೇಕು. ಎಚ್ಚರವಿರುವ, ಮಾತು ತಿಳಿಯುವ ರೋಗಿಯನ್ನು ಹೊರಗೆ ಕೂರಿಸಿ ಗಂಡಸರನ್ನು ಒಳಗೆ ಕರೆಯುವ ರೂಢಿಯನ್ನು ಇಂದೇ ನಿಲ್ಲಿಸಬೇಕು. ಈ ತಿಂಗಳು ಮುಗಿಯುವುದರೊಳಗೆ ಇಬ್ಬರು ತಜ್ಞರೂ ಒಂದೇ ಕೋಣೆಯಲ್ಲಿ, ಆ ಫಿಲ್ಮನ್ನು ಮುಂದಿಟ್ಟುಕೊಂಡು, ಅಮ್ಮನೊಡನೆ ಕನ್ನಡದಲ್ಲಿ ಮಾತನಾಡಬೇಕು. ಕಣ್ಣಿನದು, ತಲೆಸುತ್ತಿನದು, ಅವಳು ಇನ್ನೇನು ಕೇಳುತ್ತಾಳೋ ಅದರದು, ಎಲ್ಲಕ್ಕೂ ತಿಳಿದಷ್ಟನ್ನು ಹೇಳಿ, ತಿಳಿಯದ್ದನ್ನು ತಿಳಿಯದು ಎನ್ನಬೇಕು. ಯಾವುದು ಬೇಕೆಂದು ಆಮೇಲೆ ಅವಳು ಹೇಳುತ್ತಾಳೆ. ನಾನೂ ಮಾವನೂ ಬೆಂಚಿನ ಮೇಲೆ ಕಾಯುತ್ತೇವೆ.

ಮಾತನಾಡುವಾಗ ದಯವಿಟ್ಟು ಅವಳ ಬಲಗಡೆ ಕೂರಿ.