ಒತ್ತಿದರೂ ಮುಚ್ಚದ ನಾಳ

ಕುಣಿಗಲ್‌ನಲ್ಲಿ ಕೆಲಸದ ಮೇಲೆ ಉಳಿದಿದ್ದಾಗ ಒಂದು ಬೆಳಿಗ್ಗೆ ಎಡಗಾಲಿನ ಮೀನಖಂಡ ಊದಿಕೊಂಡಿತ್ತು. ಲಾಡ್ಜಿನ ಮಾಲೀಕರು ಹರಳೆಣ್ಣೆ ಹಿಡಿದು ಬಂದರು.

"ರಕ್ತ ಕಟ್ಕಂಡೈತೆ ಸಾ. ಚೆನ್ನಾಗಿ ತಿಕ್ಕಿದ್ರೆ ಕರಗ್ತದೆ, ಕಾಲು ಚಾಚಿ."

ಸಿರೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರೆ, ತಿಕ್ಕಿದಾಗ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು ಎಂದೆ.

"ನಮ್ಮೂರಲ್ಲಿ ಯಾರ್ಗೂ ಹಂಗಾಗಿಲ್ಲ ಬುಡಿ."

ಕಾಲು ಬಿಡಿಸಿಕೊಂಡು ತುಮಕೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪ್ರತಿ ಉಸಿರನ್ನೂ ಅನುಮಾನದಿಂದಲೇ ಎಳೆದುಕೊಂಡೆ.

ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರ್ ತೊಡೆಗೆ ತಣ್ಣನೆಯ ಜೆಲ್ ಹಚ್ಚಿದರು. "ಸಿರೆಯ ಗೋಡೆ ತೆಳು. ಒತ್ತಿದ್ರೆ ಚಪ್ಪಟೆ ಆಗ್ಬೇಕು. ಒಳಗೆ ಹೆಪ್ಪಿದ್ರೆ ಆಗಲ್ಲ," ಎನ್ನುತ್ತಾ ಸ್ಕ್ಯಾನಿಂಗ್ ಯಂತ್ರದ ಹಿಡಿಯಿಂದ ಒತ್ತಿದರು. ಪರದೆಯ ಮೇಲಿದ್ದ ಎರಡು ಕಪ್ಪು ವೃತ್ತಗಳಲ್ಲಿ ಒಂದು ಮುಚ್ಚಿಕೊಂಡಿತು. ಇನ್ನೊಂದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಅದು ಚಪ್ಪಟೆ ಆಗ್ತಿಲ್ಲ ಮೇಡಂ!"

"ಅದು ಅಪಧಮನಿ ಕಣ್ರೀ. ಗೋಡೆ ದಪ್ಪ, ಒಳಗೆ ಹೃದಯ ತಳ್ಳಿದ ರಕ್ತ. ಬಡ್ಕೊಳ್ತಿರೋದು ಕಾಣಲ್ವಾ? ಅದೂ ಮುಚ್ಕೊಂಡ್ರೆ ಕಾಲಿನ ಗತಿ ಏನು?"

ಕೆಳಗಿನವರೆಗೂ ಒತ್ತಿ ನೋಡಿದ ಮೇಲೆ ಹೇಳಿದರು: "ಸಿರೆಯಲ್ಲಿ ಏನೂ ಇಲ್ಲ. ಮಾಂಸಖಂಡ ಉಳುಕಿದೆ, ಅಷ್ಟೇ. ಏನ್ ಓದಿದೀರಿ?"

"ಎಂ.ಎಸ್ಸಿ."

ಯಾವ ವಿಷಯ ಎಂದು ಅವರು ಕೇಳಲಿಲ್ಲ. ಪ್ರಾಣಿಶಾಸ್ತ್ರ ಎಂದು ನಾನೂ ಹೇಳಲಿಲ್ಲ.