ಪಟ್ಟಿ ಕಳಚಿದ ತೋಬುಗಳು

ಪೊರ್ಬುಗಳ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹಬೆ, ಗಂಜಿ, ಬ್ಲೀಚು ಸೇರಿ ಇಪ್ಪತ್ತೆಂಟು ವರ್ಷಗಳಲ್ಲಿ ಅವನ್ನು ಅಳಿಸಿಹಾಕಿದ್ದವು. ತುದಿಗಳು ಬಳಸಿದ ಸೋಪಿನ ಚೂರಿನಂತೆ ನುಣುಪಾಗಿ ಹೊಳೆಯುತ್ತಿದ್ದವು. ಗುರುತಿನ ಕಾರ್ಡು ನವೀಕರಿಸುವಾಗಲೆಲ್ಲ ಸರಕಾರಿ ಕಚೇರಿಯ ಯಂತ್ರ ಅವರ ಹೆಬ್ಬೆರಳನ್ನು ಒಪ್ಪುತ್ತಿರಲಿಲ್ಲ. ಕೌಂಟರಿನಲ್ಲಿದ್ದ ಹುಡುಗಿ ಬೆರಳು ಒರೆಸಿ, ಮತ್ತೆ ಒತ್ತಿಸಿ, ಕೊನೆಗೆ ಒಳಗಿನ ಅಧಿಕಾರಿಯನ್ನು ಕರೆಯುತ್ತಿದ್ದಳಂತೆ. ವಾಪಸು ಬಂದು ಪೊರ್ಬುಗಳು ನಮಗೆ ಹೇಳುತ್ತಿದ್ದರು: "ಈ ಸಲವೂ ನಾನು ಯಾರೂಂತ ಮಿಷನಿಗೆ ಗೊತ್ತಾಗ್ಲಿಲ್ಲ. ಆಫೀಸರಿಗೆ ಗೊತ್ತುಂಟು, ಸಾಕಲ್ಲ."

ಪೊರ್ಬು ಎನ್ನುವುದು ಅವರ ಹೆಸರಲ್ಲ. ನಮ್ಮ ಮಂಗಳೂರಿನ ಕಡೆ ತುಳು ಮಾತಾಡುವವರು ಕೊಂಕಣಿ ಕ್ರೈಸ್ತ ಹಿರಿಯರನ್ನು ಹಾಗೆ ಕರೆಯುತ್ತೇವೆ; 'ಗಳು' ಸೇರಿಸುವುದು ಗೌರವಕ್ಕೆ. ಬಹರೈನಿನ ಸಲ್ಮಾಬಾದಿನಲ್ಲಿ ಗ್ಯಾರೇಜುಗಳ ಸಾಲಿನ ಹಿಂದೆ ಒಂದು ದೊಡ್ಡ ಲಾಂಡ್ರಿ ಇದೆ. ಅಲ್ಲಿ ಬಟ್ಟೆ ವಿಂಗಡಿಸುವ ವಿಭಾಗಕ್ಕೆ ಅವರು ಮುಖ್ಯಸ್ಥರಾಗಿದ್ದರು. ನಾನು ಸೇರಿದಾಗ ನನ್ನ ಗಂಡನ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಮಗಳು ಏಳನೇ ಕ್ಲಾಸಿನಲ್ಲಿದ್ದಳು. ಮೂರು ತಿಂಗಳ ಪರೀಕ್ಷಾ ಅವಧಿ ಮುಗಿದು ನನ್ನ ಕೆಲಸ ಖಾಯಂ ಆದರೆ ಗುದೈಬಿಯಾದ ನಮ್ಮ ಮನೆ ಉಳಿಯುತ್ತಿತ್ತು. ಇಲ್ಲದಿದ್ದರೆ ಶಾಲೆಯ ವರ್ಷ ಅರ್ಧಕ್ಕೇ ಬಿಟ್ಟು ಮೂವರೂ ಊರಿಗೆ ಹೊರಡಬೇಕಿತ್ತು.

ಮೊದಲ ದಿನ ಅವರು ಕಲಿಸಿದ್ದು ನಂಬರ್ ಪಟ್ಟಿ ಅಂಟಿಸುವ ಕೆಲಸ. ಬಟ್ಟೆಯ ಒಳಮಗ್ಗುಲಿಗೆ ಚಿಕ್ಕ ಪಟ್ಟಿ ಇಟ್ಟು ಬಿಸಿ ಯಂತ್ರದ ಹಿಡಿಯನ್ನು ಒತ್ತಿ ಹಿಡಿಯಬೇಕು. ಒತ್ತುವಾಗ ಅವರ ತುಟಿ ಅಲ್ಲಾಡುತ್ತಿತ್ತು.

"ಎಷ್ಟು ಹೊತ್ತು ಒತ್ತಬೇಕು ಪೊರ್ಬುಗಳೇ?"

"ಅರ್ಧ ನಮಾನ್ ಮರಿಯೆ." ಅದು ಮಾತೆ ಮರಿಯಮ್ಮನಿಗೆ ಅವರು ಹೇಳುವ ಪ್ರಾರ್ಥನೆ.

"ನಂಗೆ ಅದು ಬರೂದಿಲ್ಲ."

"ಹಾಗಾದ್ರೆ ಹನ್ನೆರಡರವರೆಗೆ ಎಣಿಸು. ಮರಿಯಮ್ಮ ಬೇಜಾರು ಮಾಡ್ಲಿಕ್ಕಿಲ್ಲ. ಪಟ್ಟಿ ಬೀಳಬಾರ್ದು, ಅಷ್ಟೆ."

ನಾನು ಆರು ವರ್ಷದಿಂದ ಇಲ್ಲಿದ್ದೇನೆಂದು ತಿಳಿದು ದೇಶ ನೋಡಿದ್ದೀಯಾ ಎಂದು ಕೇಳಿದರು. ಗುದೈಬಿಯಾ, ಮನಾಮದ ಅಂಗಡಿಗಳು, ಮಗಳ ಶಾಲೆ ಎಂದೆ.

"ಅದು ದೇಶ ಅಲ್ಲ ಮಾರಾಯ್ತಿ, ಅದು ನಿನ್ನ ಬಸ್ ರೂಟು."

ಮರುದಿನದಿಂದ ಚೀಲ ಬಿಚ್ಚುತ್ತಲೇ ನನಗೆ ದೇಶವನ್ನು ತೋರಿಸತೊಡಗಿದರು. ಬೂದುಬಣ್ಣದ ಹೊಳೆಯುವ ಪುಡಿ ಉದುರುವ ದಪ್ಪ ಉಡುಪುಗಳು ಅಲ್ಯುಮಿನಿಯಂ ಕಾರ್ಖಾನೆಯವು. ಎರಡು ಸಲ ಒಗೆದರೂ ವಾಸನೆ ಬಿಡದವು ಎಣ್ಣೆ ಶುದ್ಧೀಕರಿಸುವ ಕಡೆಯವು. ವಾರದ ರಜೆ ಮುಗಿದ ಮರುದಿನ ಹೋಟೆಲಿನ ಹಾಸುಬಟ್ಟೆಗಳು ಎರಡು ಪಟ್ಟು ಬರುತ್ತಿದ್ದವು, ಏಕೆಂದರೆ ಆ ಎರಡು ದಿನ ಸಮುದ್ರದ ಮೇಲಿನ ಸೇತುವೆ ದಾಟಿ ಸೌದಿಯ ಕುಟುಂಬಗಳು ಬಂದಿರುತ್ತವೆ. ಚಳಿಗಾಲದಲ್ಲಿ ತೋಬುಗಳ ಮಡಿಕೆಗಳಲ್ಲಿ ಮರಳು ಸಿಕ್ಕಿದರೆ ಯಜಮಾನರು ದಕ್ಷಿಣದ ಮರುಭೂಮಿಯಲ್ಲಿ ಡೇರೆ ಹಾಕಿದ್ದಾರೆಂದು ಅರ್ಥ. ತೋಬು ಎಂದರೆ ಇಲ್ಲಿನ ಗಂಡಸರು ಉಡುವ, ಪಾದದವರೆಗಿನ ಬಿಳಿ ನಿಲುವಂಗಿ.

"ಮೊದಲು ಇವರದ್ದು ಮುತ್ತಿನ ದೇಶ," ಎನ್ನುತ್ತಿದ್ದರು. "ಮತ್ತೆ ಎಣ್ಣೆ ಸಿಕ್ಕಿತು. ಈಗ ಬ್ಯಾಂಕು, ಹೋಟೆಲು ಎಲ್ಲ ಉಂಟು. ಬಡಗಿನಲ್ಲಿ ಜನ, ತೆಂಕಿನಲ್ಲಿ ಮರಳು, ಸುತ್ತ ಉಪ್ಪು ನೀರು. ಇಷ್ಟೇ ದೇಶ."

ಚುನಾವಣೆ ಬಂತೆಂದರೆ ಅಭ್ಯರ್ಥಿಗಳು ಜನರನ್ನು ಕೂರಿಸಿ ಕಾಫಿ ಕೊಡುವ ಮಜ್ಲಿಸುಗಳಿಂದ ದಿಂಬಿನ ಹೊದಿಕೆಗಳು ರಾಶಿ ಬೀಳುತ್ತಿದ್ದವು. ಸಂಸತ್ತಿನ ಒಂದು ಸಭೆಗೆ ಜನ ಓಟು ಹಾಕುತ್ತಾರೆ, ಇನ್ನೊಂದಕ್ಕೆ ರಾಜರೇ ಆರಿಸುತ್ತಾರೆ ಎಂಬುದನ್ನು ನಾನು ತಿಳಿದದ್ದು ಆ ಕಾಫಿ ಕಲೆಗಳನ್ನು ಉಜ್ಜುತ್ತಾ. ಇನ್ನೊಂದು ಮಾತು ಅವರು ಹೇಳಿದ್ದು ನೆನಪಿದೆ: "ಇಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಹಾಗೆ ಹೊರಗಿನವರು. ನಮ್ಮ ಅಂಗಿ ಇಲ್ಲಿಗೆ ಬರೂದಿಲ್ಲ, ಬಕೆಟಲ್ಲೇ ಒಗೀತೇವೆ. ಹಾಗಾಗಿ ಇಲ್ಲಿ ಕೂತು ನೋಡಿದ್ರೆ ಅರ್ಧ ದೇಶ ಮಾತ್ರ ಕಾಣೂದು. ಇನ್ನರ್ಧ ನಿನ್ನ ಬಾಲ್ಕನಿಯಲ್ಲಿ ಒಣಗ್ತಾ ಉಂಟು."

ಪರೀಕ್ಷಾ ಅವಧಿ ಮುಗಿಯಲು ಒಂಬತ್ತು ದಿನ ಇದ್ದಾಗ ನನ್ನಿಂದ ತಪ್ಪಾಯಿತು. ಮಗಳಿಗೆ ಜ್ವರ ಎಂದು ಶಾಲೆಯಿಂದ ಫೋನು ಬಂದಿತ್ತು. ಬೇಗ ಹೊರಡುವ ಆತುರದಲ್ಲಿ ಹನ್ನೆರಡು ಎಣಿಸಲಿಲ್ಲ. ಮರುದಿನ ಬೆಳಿಗ್ಗೆ ಒಗೆಯುವ ಯಂತ್ರದ ಬಾಗಿಲು ತೆರೆದಾಗ ನಲವತ್ತಮೂರು ತೋಬುಗಳು ಒಂದು ಕಡೆ, ಅವುಗಳ ಪಟ್ಟಿಗಳೆಲ್ಲ ಒಂದು ಕಡೆ. ಮನೆ, ಹೋಟೆಲು ಸೇರಿ ಹತ್ತೊಂಬತ್ತು ಗಿರಾಕಿಗಳ ಬಟ್ಟೆ. ಎಲ್ಲವೂ ಬಿಳಿ, ಎಲ್ಲವೂ ಒಂದೇ ತರಹ.

ಪೊರ್ಬುಗಳು ನನ್ನನ್ನು ಬೈಯಲಿಲ್ಲ. ಉದ್ದ ಮೇಜಿನ ಮೇಲೆ ಎಲ್ಲವನ್ನೂ ಹರಡಲು ಹೇಳಿ, ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡರು. ಆಮೇಲೆ ಒಂದೊಂದನ್ನೂ ಬೆರಳಲ್ಲಿ ಸವರುತ್ತಾ ಹೋದರು.

"ಕಾಲರ್ ಗಟ್ಟಿ ಉಂಟಲ್ಲ, ಇದು ಸೇತುವೆ ಆಚೆಯವರದ್ದು. ಹೋಟೆಲಿನ ಚೀಲಕ್ಕೆ ಹಾಕು. ಇದರ ಕಿಸೆಯಲ್ಲಿ ಶಾಯಿಯ ನೆರಳು ಉಂಟು, ಮಿನಿಸ್ಟ್ರಿಯವರು. ಕೆಳಗಿನ ಅಂಚು ಉಪ್ಪು ತಿಂದದ್ದು ಮುಹರ್ರಕಿನ ದೋಣಿಯವರದ್ದು. ತೋಳಲ್ಲಿ ಖರ್ಜೂರದ ಕಂದು ಕಲೆ, ಬುದಯ್ಯಾದ ತೋಟದ ಅಜ್ಜ. ಮಂಡಿ ಸವೆದದ್ದು ಯಾರದ್ದು ಹೇಳು?"

"ನಮಾಜು ತಪ್ಪಿಸದವರದ್ದು."

"ಹಾಂ. ರಿಫಾದ ರಿಟೈರ್ಡ್ ಮಾಷ್ಟ್ರು. ಕಲಿತಿದ್ದೀ."

ಎಡ ಭುಜದಲ್ಲಿ ಕಾರಿನ ಬೆಲ್ಟು ಉಜ್ಜಿದ ಗುರುತು, ಬೆಂಕಿಯ ಕಿಡಿ ಬಿದ್ದ ಸಣ್ಣ ತೂತು, ಮನೆಯಲ್ಲೇ ಹಾಕಿದ ಹೊಲಿಗೆ, ಹೀಗೆ ಮಧ್ಯಾಹ್ನದವರೆಗೆ ನಡೆಯಿತು. ನಾನು ಹೊಸ ಪಟ್ಟಿ ಅಂಟಿಸುತ್ತಾ ಹೋದೆ, ಪ್ರತಿಯೊಂದಕ್ಕೂ ಹನ್ನೆರಡು ಎಣಿಸಿ. ಕೊನೆಗೆ ಎರಡು ತೋಬುಗಳು ಉಳಿದವು. ಎರಡೂ ಹೊಸವು, ಯಾವ ಗುರುತೂ ಇಲ್ಲ. ಅವುಗಳನ್ನು ಅವರೇ ವ್ಯಾನಿನಲ್ಲಿ ತೆಗೆದುಕೊಂಡು ಹೋಗಿ ಎರಡು ಮನೆಗಳಲ್ಲಿ ಕ್ಷಮೆ ಕೇಳಿ, ಹಾಕಿ ನೋಡಲು ಹೇಳಿ ಕೊಟ್ಟು ಬಂದರು. ನಲವತ್ತಮೂರರಲ್ಲಿ ಒಂದೂ ವಾಪಸು ಬರಲಿಲ್ಲ.

ಆದರೂ ಸುದ್ದಿ ಮ್ಯಾನೇಜರಿಗೆ ತಲುಪಿತು. ಇಬ್ಬರನ್ನೂ ಕರೆದು ಯಾರ ತಪ್ಪು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪೊರ್ಬುಗಳು, "ಪಟ್ಟಿ ಒತ್ತುವ ಮಿಷನಿನ ಬಿಸಿ ನೋಡಬೇಕಾದವ ನಾನು, ನೋಡ್ಲಿಲ್ಲ," ಎಂದರು. ನಾನೇ ಮಾಡಿದ್ದು ಎಂದು ಹೇಳಲು ಸಮಯವಿತ್ತು. ಹೇಳಲಿಲ್ಲ. ಅವರಿಗೆ ಎಚ್ಚರಿಕೆ ಪತ್ರ ಕೊಟ್ಟರು. ಇಪ್ಪತ್ತೆಂಟು ವರ್ಷಗಳಲ್ಲಿ ಅದು ಮೊದಲನೆಯದು. ಪರೀಕ್ಷಾ ಅವಧಿ ಮುಗಿದ ದಿನ ನನ್ನ ಕೆಲಸ ಖಾಯಂ ಆಯಿತು.

ಆ ದಿನ ಚಹಾದ ಹೊತ್ತಿನಲ್ಲಿ ಅವರ ಹತ್ತಿರ ಹೋಗಿ, ಬಿಸಿ ಸರಿಯಾಗಿಯೇ ಇತ್ತು, ನಾನು ಎಣಿಸಲಿಲ್ಲ ಎಂದು ಹೇಳಿದೆ.

"ಗೊತ್ತುಂಟು," ಎಂದರು. "ಬಿದ್ದ ಪಟ್ಟಿಯ ಅಂಟು ಮುಟ್ಟಿ ನೋಡಿದೆ. ನಾಲ್ಕಕ್ಕೇ ಕೈ ಎತ್ತಿದ್ದೀ." ಆಮೇಲೆ, "ಮಗಳ ಜ್ವರ ಬಿಟ್ಟಿತಾ?" ಎಂದು ಕೇಳಿದರು. ಆ ವಿಷಯ ನಮ್ಮ ನಡುವೆ ಮತ್ತೆ ಬರಲಿಲ್ಲ.

ಇದು ಐದು ವರ್ಷದ ಹಿಂದಿನ ಮಾತು. ನನ್ನ ಗಂಡನಿಗೆ ಆಮೇಲೆ ಬೇರೆ ಕೆಲಸ ಸಿಕ್ಕಿತು. ಮಗಳು ಹನ್ನೆರಡನೇ ಕ್ಲಾಸು ಇಲ್ಲಿಯೇ ಮುಗಿಸಿದಳು. ಕಳೆದ ತಿಂಗಳು ಪೊರ್ಬುಗಳು ತೀರಿಕೊಂಡರು. ಎದೆನೋವೆಂದು ಆಸ್ಪತ್ರೆ ಸೇರಿ ಮೂರನೆಯ ದಿನ. ಅವರ ಮಗಳು ಇಲ್ಲಿಯೇ ನರ್ಸು, ರಿಫಾದಲ್ಲಿ ಮನೆ. ತಾಯಿಯೂ ಅವಳೊಂದಿಗೆ ಇರುವುದರಿಂದ ಪೊರ್ಬುಗಳನ್ನು ಸಲ್ಮಾಬಾದಿನ ಸ್ಮಶಾನದಲ್ಲೇ ಮಣ್ಣು ಮಾಡುವುದೆಂದು ನಿಶ್ಚಯಿಸಿದರು. ಲಾಂಡ್ರಿಯಿಂದ ಅದು ದೂರವಿಲ್ಲ.

ಮಣ್ಣು ಮಾಡುವ ಹಿಂದಿನ ದಿನ ಆ ಮಗಳು ಅವರಿಗೆ ತೊಡಿಸಬೇಕಾದ ಬಿಳಿ ಅಂಗಿಯನ್ನು ಇಸ್ತ್ರಿಗೆಂದು ತಂದಳು. ಅವರು ಭಾನುವಾರದ ಪೂಜೆಗೆ ಹಾಕುತ್ತಿದ್ದ ಅಂಗಿ. "ಅಪ್ಪನ ಅಂಗಿ ಇಲ್ಲಿಗೆ ಬರೂದು ಇದೇ ಮೊದಲು, ಅಲ್ವಾ ಆಂಟಿ?" ಎಂದಳು. ಹೌದು ಎಂದೆ. ಬಕೆಟಿನಲ್ಲಿ ಒಗೆದು ಒಗೆದು ಕಾಲರು ಮೆತ್ತಗಾಗಿತ್ತು. ಬಲಗೈಯ ತೋಳಿನ ತುದಿ ನೂಲು ಬಿಟ್ಟಿತ್ತು. ಅದನ್ನು ಕತ್ತರಿಸದೆ ಒಳಗೆ ಮಡಿಸಿ ಇಸ್ತ್ರಿ ಮಾಡಿದೆ.

ಆಮೇಲೆ ಒಂದು ಪಟ್ಟಿ ತೆಗೆದುಕೊಂಡೆ. ವಾಪಸು ಬರುವ ಬಟ್ಟೆಗೆ ಮಾತ್ರ ಪಟ್ಟಿ ಬೇಕು, ಇದಕ್ಕೆ ಬೇಕಿರಲಿಲ್ಲ. ಆದರೂ ಕಾಲರಿನ ಒಳಗೆ ಇಟ್ಟು ಹಿಡಿ ಒತ್ತಿದೆ. ಐದು ವರ್ಷ ಪಕ್ಕದಲ್ಲಿ ನಿಂತು ಕೇಳಿದ್ದರಿಂದ ನಮಾನ್ ಮರಿಯೆ ಈಗ ನನಗೂ ಬಾಯಿಗೆ ಬರುತ್ತದೆ. ಅರ್ಧಕ್ಕೆ ಕೈ ತೆಗೆಯಬೇಕಿತ್ತು. ಕೊನೆಯವರೆಗೂ ಹೇಳಿ ತೆಗೆದೆ.