ರೊಟ್ಟಿ ಬಡಿಯಲು ಒಂದು ಮನೆ

ಆಂಟಾಪ್ ಹಿಲ್‌ನ ನಮ್ಮ ಚಾಳ್ ಒಡೆದು ಟವರ್ ಕಟ್ಟುತ್ತಾರೆ ಎಂಬ ಮಾತನ್ನು ವರ್ಷಗಟ್ಟಲೆ ಕೇಳಿ ನಮಗೆ ಅದೊಂದು ಹಳೆಯ ಜೋಕ್ ಆಗಿಬಿಟ್ಟಿತ್ತು. ಕೊನೆಗೆ ಅದು ನಿಜವೇ ಆಯಿತು. ಖೋಲಿ, ಅಂದರೆ ಒಂದು ಕೋಣೆಯ ಮನೆ, ಯಾರ ಹೆಸರಿನಲ್ಲಿತ್ತೋ ಅವರಿಗೆ ಹೊಸ ಫ್ಲ್ಯಾಟು, ಬಾಡಿಗೆಗಿದ್ದ ನಮಗೆ ಮಳೆಗಾಲದೊಳಗೆ ಜಾಗ ಖಾಲಿ ಮಾಡಿ ಎಂಬ ಅಪ್ಪಣೆ. ನಾನು, ಗಂಡ, ಹೈಸ್ಕೂಲಿಗೆ ಹೋಗುವ ಮಗಳು ಮತ್ತು ಅತ್ತೆ ಮನೆ ಹುಡುಕಲು ಹೊರಟೆವು. ನಮ್ಮ ಲೋನಿಗೆ ಎಟುಕುವ ಮನೆ ಮುಂಬಯಿಯಲ್ಲಿ ಸಿಗುತ್ತದೆ ಎಂದು ನಂಬಿದ್ದವನು ಬ್ರೋಕರ್ ಒಬ್ಬನೇ. ನಂಬುವುದು ಅವನ ಹೊಟ್ಟೆಪಾಡು.

ಅತ್ತೆ ವಿಜಯಪುರದ ಕಡೆಯವರು. ಈ ಊರಿಗೆ ಬಂದು ತಲೆ ನೆರೆತರೂ ಬೆಳಗಾದರೆ ನೆಲದ ಮೇಲೆ ಪರಾತ ಎಂಬ ಅಗಲ ತಟ್ಟೆ ಇಟ್ಟುಕೊಂಡು ಅಂಗೈಯಿಂದ ಜೋಳದ ರೊಟ್ಟಿ ಬಡಿಯಲೇಬೇಕು. ಲಟ್ಟಣಿಗೆಯಿಂದ ಲಟ್ಟಿಸಿದ್ದನ್ನು ಅವರು ರೊಟ್ಟಿ ಎಂದು ಒಪ್ಪುವವರೇ ಅಲ್ಲ. ಯಾರ ಮನೆಯಲ್ಲಾದರೂ ಅದನ್ನು ಬಡಿಸಿದರೆ ಮರ್ಯಾದೆಗೆ ತಿಂದು, ಹೊರಗೆ ಬಂದ ಮೇಲೆ "ಪಾಪ, ಆಕಿಗೆ ಕೈಯಿಲ್ಲ" ಎನ್ನುತ್ತಿದ್ದರು. ಅವರ ಬಡಿತ ಅಕ್ಕಪಕ್ಕದ ಖೋಲಿಗಳಿಗೆಲ್ಲ ಕೇಳುತ್ತಿತ್ತು. ನಮ್ಮದು ನೆಲಮಟ್ಟದ ಖೋಲಿ. ಕೆಳಗೆ ಮಣ್ಣು ಬಿಟ್ಟರೆ ಯಾರೂ ಇಲ್ಲ, ಹಾಗಾಗಿ ತಕರಾರೂ ಇರಲಿಲ್ಲ.

ಬಿಲ್ಡಿಂಗಿನಲ್ಲಿ ಹಾಗಲ್ಲ, ಒಬ್ಬರ ನೆಲ ಇನ್ನೊಬ್ಬರ ತಲೆಯ ಮೇಲಿರುತ್ತದೆ. ಇದು ಅತ್ತೆಗೆ ನಮಗಿಂತ ಮೊದಲು ಹೊಳೆದಿತ್ತು. ನಾವು ನೀರು, ಸ್ಟೇಷನ್ ಎಂದು ವಿಚಾರಿಸುತ್ತಿದ್ದರೆ ಅವರು ನೇರವಾಗಿ ಅಡುಗೆಮನೆಗೆ ಹೋಗಿ ಕೂತು, ಅಂಗೈಯಿಂದ ನೆಲ ಬಡಿದು ಕಿವಿಗೊಟ್ಟು ಕೇಳುತ್ತಿದ್ದರು. ಮುದುಕಿ ಕಟ್ಟಡದ ಗಟ್ಟಿತನ ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡ ಬ್ರೋಕರ್, "ಮಾಜಿ, ಸ್ಲ್ಯಾಬ್ ಏಕದಂ ಪಕ್ಕಾ ಹೈ" ಎಂದು ತಾನೂ ಬೂಟುಗಾಲಿನಿಂದ ಕುಟ್ಟಿ ತೋರಿಸುತ್ತಿದ್ದ. ನಾವು ತಿದ್ದಲು ಹೋಗಲಿಲ್ಲ. ಕಾಂದಿವಲಿಯಲ್ಲೊಂದು ನೆಲಮಟ್ಟದ ಮನೆ ಅತ್ತೆಗೆ ಬಹಳ ಹಿಡಿಸಿತು. ಆದರೆ ಗೋಡೆಯ ಮೇಲೆ ಮಂಡಿಯೆತ್ತರಕ್ಕೆ ಹಿಂದಿನ ಮಳೆಯ ನೀರಿನ ಗೆರೆ ಹಾಗೇ ಇತ್ತು. ಮಗಳು ಮೂಗು ಮುಚ್ಚಿಕೊಂಡೇ ಒಳಗೆ ಬಂದಿದ್ದಳು. ನಾನು ಬೇಡವೇ ಬೇಡ ಎಂದೆ.

ಆಮೇಲೆ ಸಿಕ್ಕಿದ್ದು ವಿಕ್ರೋಳಿಯ ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿ, ವನ್ ರೂಮ್ ಕಿಚನ್. ಲಿಫ್ಟ್ ಇಲ್ಲದ್ದರಿಂದಲೇ ಅದು ನಮ್ಮ ಕೈಗೆ ಎಟುಕುವಂತಿತ್ತು. ಗಂಡ ಫ್ಯಾಕ್ಟರಿಗೆ ನಡೆದೇ ಹೋಗಬಹುದು. ದೊಡ್ಡ ಕಿಟಕಿ, ಅದರ ತುಂಬ ಬಿಸಿಲು. ಮಗಳು ಅಲ್ಲಿ ನಿಂತವಳು ಸರಿಯಲೇ ಇಲ್ಲ. ಅಷ್ಟರಲ್ಲಿ ಅತ್ತೆ ಎಂದಿನಂತೆ ನೆಲ ಬಡಿದರು. ಕೆಳಗಿನ ಮನೆಯ ಹೆಂಗಸು ಮೇಲೆ ಬಂದು, ಏನಾದರೂ ಬಿತ್ತೇ ಎಂದು ಕೇಳಿದಳು. ಅವಳ ಗಂಡನಿಗೆ ನೈಟ್ ಡ್ಯೂಟಿಯಂತೆ, ಈಗಷ್ಟೇ ಕಣ್ಣು ಮುಚ್ಚಿದ್ದಾನಂತೆ. ಅವಳದು ಜಗಳದ ದನಿಯಾಗಿರಲಿಲ್ಲ, ದಣಿದ ದನಿ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎದ್ದರು.

ಮರುದಿನ ರೊಟ್ಟಿ ಬಡಿಯುವ ಸದ್ದಿಲ್ಲದೆ ನನಗೆ ಹೊತ್ತಿಗೆ ಸರಿಯಾಗಿ ಎಚ್ಚರವೇ ಆಗಲಿಲ್ಲ. ಎದ್ದು ನೋಡಿದರೆ ಅತ್ತೆ ನಮಗೆ ಬೆನ್ನು ಮಾಡಿ ಕೂತು, ನನ್ನ ಚಪಾತಿ ಲಟ್ಟಣಿಗೆ ಹಿಡಿದು ರೊಟ್ಟಿ ಲಟ್ಟಿಸುತ್ತಿದ್ದಾರೆ. ಅಂಚು ಹರಿಯುತ್ತಿತ್ತು. ಹರಿದದ್ದನ್ನು ಮತ್ತೆ ನಾದಿ ಮತ್ತೆ ಲಟ್ಟಿಸುತ್ತಿದ್ದರು.

"ಇದೇನ್ರಿ ಅತ್ತಿ?" ಎಂದೆ.

"ಕೈ ನೋಯಲಿಕತ್ತಾವ. ಇನ್ನ ಮ್ಯಾಲ ಹಿಂಗ ಮಾಡಿದ್ರಾತು" ಎಂದರು, ತಿರುಗಿ ನೋಡದೆ. ಸ್ವಲ್ಪ ಹೊತ್ತಿನ ಮೇಲೆ, "ಆ ಮನಿ ತಗೋರಿ. ಹುಡುಗಿಗೆ ಖಿಡಕಿ ಬೇಕು" ಎಂದರು.

ನನಗೆ ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು. ಈ ಊರು ನಮ್ಮಿಂದ ಏನೇನು ಬಿಡಿಸಿಲ್ಲ? ನೆಂಟರನ್ನು ಎರಡು ದಿನ ಉಳಿಸಿಕೊಳ್ಳುವುದು ಬಿಡಿಸಿತು, ಹಬ್ಬಕ್ಕೆ ಬಾಗಿಲ ಮುಂದೆ ರಂಗೋಲಿ ಹಾಕುವುದು ಬಿಡಿಸಿತು. ಈಗ ಒಂದು ಕಿಟಕಿ ಕೊಡುವುದಕ್ಕೆ ಈ ಮುದುಕಿಯ ಕೈಯನ್ನೂ ಕೇಳುತ್ತಿದೆಯಲ್ಲ ಎನಿಸಿತು. "ಅದು ಚಪಾತಿದು, ಕೊಡ್ರಿ ಇಲ್ಲಿ" ಎಂದು ಲಟ್ಟಣಿಗೆ ಕಸಿದುಕೊಂಡು ಮೇಲಿನ ಶೆಲ್ಫಿಗೆ ಎಸೆದೆ. ಗಂಡ ಗಡ್ಡಕ್ಕೆ ಸೋಪು ಹಚ್ಚಿಕೊಂಡವರು ಹಾಗೇ ನಿಂತುಬಿಟ್ಟರು.

ಎರಡು ದಿನ ಬಿಟ್ಟು, ನಾನು ಕೆಲಸ ಮಾಡುವ ದವಾಖಾನೆಯಲ್ಲಿ ಅರ್ಧ ದಿನ ರಜೆ ಹಾಕಿ ಒಬ್ಬಳೇ ವಿಕ್ರೋಳಿಗೆ ಹೋದೆ. ಬೆಲ್ ಒತ್ತದೆ ಆ ಹೆಂಗಸಿನ ಬಾಗಿಲನ್ನು ಮೆಲ್ಲಗೆ ತಟ್ಟಿದೆ. ಜಗಳ ಆದರೆ ಮನೆ ತೆಗೆದುಕೊಳ್ಳುವ ಮೊದಲೇ ಆಗಿಹೋಗಲಿ ಎಂದುಕೊಂಡೇ ಹೋಗಿದ್ದೆ. ನನ್ನ ಅತ್ತೆ ದಿನಾ ರೊಟ್ಟಿ ಬಡಿಯುತ್ತಾರೆ, ಮೊನ್ನೆ ಬಡಿದದ್ದು ಅದಕ್ಕೇ, ನಿಮಗೆ ಯಾವ ಹೊತ್ತು ಆಗುತ್ತದೆ ಹೇಳಿ ಎಂದೆ. ಆಕೆ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

"ಭಾಕ್ರಿ? ಮೈ ಸಮ್ಝೀ ರಿಪೇರಿ ಚಾಲೂ ಹೈ."

ರೊಟ್ಟಿಯ ಬಡಿತವನ್ನು ಆಕೆ ಮನೆ ರಿಪೇರಿ ಎಂದುಕೊಂಡಿದ್ದಳಂತೆ. ಆಮೇಲೆ ಒಳಗೆ ಕರೆದು ಚಹಾ ಕೊಟ್ಟಳು. ತನ್ನ ಗಂಡ ಮಧ್ಯಾಹ್ನದ ಮೇಲೆ ಏಳುತ್ತಾನೆ, ಸಂಜೆ ಎಷ್ಟು ಬೇಕಾದರೂ ಬಡಿಯಿರಿ ಎಂದಳು. ಮೊದಲು ಮೇಲೆ ಬಾಡಿಗೆಗಿದ್ದವರು ಹಾಡು ಹಚ್ಚುತ್ತಿದ್ದರು, ಕುರ್ಚಿ ಎಳೆಯುತ್ತಿದ್ದರು, ಹೀಗೆ ಬಂದು ಕೇಳಿದವರು ಯಾರೂ ಇರಲಿಲ್ಲವಂತೆ. ಮನೆ ತೆಗೆದುಕೊಂಡೆವು.

ಹೋದ ಮೊದಲ ಸಂಜೆ ಅತ್ತೆ ಹಿಟ್ಟು ನಾದಿಟ್ಟುಕೊಂಡು ಕೂತೇ ಇದ್ದರು, ಕೈ ಏಳಲಿಲ್ಲ. ಕೊನೆಗೆ ಕೆಳಗಿನವರು ಎದ್ದಿದ್ದಾರೆಯೇ ನೋಡಿ ಬಾ ಎಂದು ಮೊಮ್ಮಗಳನ್ನು ಓಡಿಸಿದರು. ಅವಳು ಏದುಸಿರು ಬಿಡುತ್ತ ಬಂದು, "ಅಂಕಲ್ ಟೀವಿ ದೇಖ್ ರಹೇ ಹೈ, ಅಜ್ಜಿ. ನೀನು ಮಾಡು" ಎಂದಳು. ಮೊದಲ ಏಟು ಮೆತ್ತಗೆ ಬಿತ್ತು, ಆಮೇಲಿನವು ಬೀಳಬೇಕಾದ ಹಾಗೆಯೇ ಬಿದ್ದವು.

ಚಾಳಿನಲ್ಲಿ ರೊಟ್ಟಿಯ ಹೊತ್ತು ಎಂದರೆ ನಲ್ಲಿಯ ಮುಂದೆ ಸಾಲು, ಸಂಡಾಸಿನ ಮುಂದೆ ಸಾಲು, ಲೋಕಲ್ ತಪ್ಪುವ ಗಾಬರಿ. ರೊಟ್ಟಿ ನೇರ ಡಬ್ಬಿ ಸೇರುತ್ತಿತ್ತು. ಫ್ಯಾಕ್ಟರಿಯಲ್ಲಿ, ದವಾಖಾನೆಯಲ್ಲಿ, ಶಾಲೆಯಲ್ಲಿ ಮೂವರೂ ಬೇರೆ ಬೇರೆ ಕಡೆ ಅದನ್ನು ತಣ್ಣಗೆ ತಿನ್ನುತ್ತಿದ್ದೆವು. ಆ ಸಂಜೆ ಯಾರಿಗೂ ಎಲ್ಲಿಗೂ ಹೋಗುವುದಿರಲಿಲ್ಲ. ಹಂಚಿನ ಮೇಲೆ ಉಬ್ಬಿದ ರೊಟ್ಟಿ ಸೀದಾ ತಾಟಿಗೆ ಬಂತು. ಮಗಳು ಮುರಿಯಲು ಹೋಗಿ ಬೆರಳು ಸುಟ್ಟುಕೊಂಡಳು, ಗಂಡ ಮೇಲಿಂದ ಮೇಲೆ ಇನ್ನೊಂದು ಎಂದರು.

ಅತ್ತೆ ಬಡಿಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. "ಯಾಕ್ರಿ ಅತ್ತಿ?" ಎಂದೆ.

"ಇಷ್ಟು ವರ್ಷ ಬಡದೆ" ಎಂದರು. "ನೀವು ಬಿಸೀದು ತಿನ್ನೂದು ನಾ ನೋಡೇ ಇರಲಿಲ್ಲ."